ಎರಡು ತೂತಿನ ಲ್ಯಾಪ್‌ಟಾಪು

ನಿಮ್ಮ ಅಕ್ಕ ಮಧುಗಿರಿಯ ಶಾಲೆಯಲ್ಲಿ ಪಾಠ ಮಾಡುವುದಕ್ಕೆ ಬೇಕೆಂದು ಹೊಸ ಲ್ಯಾಪ್‌ಟಾಪು ತಂದಳು. ರೊಟ್ಟಿಯಷ್ಟು ತೆಳ್ಳಗಿತ್ತು. ಎಲ್ಲರೂ ಮುಟ್ಟಿ ಮುಟ್ಟಿ ಹೊಗಳಿದರು. ನಾನು ಅದನ್ನು ತಿರುಗಿಸಿ ಪಕ್ಕದಲ್ಲಿ ನೋಡಿದೆ. ಎರಡೇ ಎರಡು ಸಣ್ಣ ತೂತು. ಅದರಲ್ಲೂ ಒಂದು ಕರೆಂಟಿಗೆ. ನಮ್ಮ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಗೂ ಇದಕ್ಕಿಂತ ಹೆಚ್ಚು ತೂತುಗಳಿವೆ.

"ಹಳೇದೇನಾದ್ರೂ ಇದಕ್ಕೆ ಸೇರಿಸ್ಬೇಕು ಅಂದ್ರೆ ಎಲ್ಲಿ ಸೇರ್ಸೋದವ್ವಾ?" ಅಂದೆ.

"ಅದಕ್ಕೆ ಅಡಾಪ್ಟರ್ ಅಂತ ಬರುತ್ತೆ ಅಜ್ಜಿ. ಬೇರೆ ತಗೋಬೇಕು."

"ಮನೆ ಕಟ್ದೋನು ಬಾಗ್ಲು ಇಡೋದು ಮರ್ತು, ಬಾಗ್ಲು ಬೇರೆ ಅಂಗ್ಡೀಲಿ ತಗಳಿ ಅಂದಂಗಾಯ್ತು ಬುಡು."

ಅವಳು ನಕ್ಕಳು. ಇದಾದ ಎರಡೇ ತಿಂಗಳಿಗೆ ಆ ಅಡಾಪ್ಟರನ್ನು ಹುಡುಕಿಕೊಂಡು ನಾನೂ ಅವಳೂ ನಾಲ್ಕು ತಾಲ್ಲೂಕು ಸುತ್ತಿದೆವು. ಅವಳ ಮದುವೆ ಅದರ ಮೇಲೆ ನಿಂತಿತ್ತು. ನೀವೆಲ್ಲ ಹಾಸ್ಟೆಲಿನಲ್ಲಿದ್ದಿರಿ. ಮದುವೆಗೆ ಬಂದಿರಿ, ಉಂಡಿರಿ, ಫೋಟೋ ತೆಗೆಸಿಕೊಂಡಿರಿ. ನಡೆದದ್ದನ್ನು ನಿಮಗೆ ಯಾರೂ ಸರಿಯಾಗಿ ಹೇಳಿಲ್ಲ. ನನಗೆ ನಾಲ್ಕು ಜನರೆದುರು ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹುಡುಗ ತಿರುಮಣಿಯವನು. ಅಲ್ಲಿನ ಸೋಲಾರ್ ಪಾರ್ಕಿನಲ್ಲಿ ಕೆಲಸ. ಅವನಿಗೂ ನಿಮ್ಮ ಅಕ್ಕನಿಗೂ ಮೊದಲೇ ಮಾತುಕತೆ ಇತ್ತೆಂದು ನನಗೆ ಗೊತ್ತಿತ್ತು, ನಿಮ್ಮ ಅಪ್ಪನಿಗೆ ಗೊತ್ತಿರಲಿಲ್ಲ. ಹೆಣ್ಣು ಕೇಳಿಕೊಂಡು ಅವರ ಮನೆಯವರು ನಮ್ಮ ದೊಡ್ಡೇರಿಗೆ ಬಂದರು. ನಿಮ್ಮ ಅಪ್ಪ ಅಮ್ಮ ಒಪ್ಪಿದರು. ಒಪ್ಪದೆ ಕುಳಿತವರು ನಿಮ್ಮ ದೊಡ್ಡ ತಾತ, ನನ್ನ ಯಜಮಾನರ ಅಣ್ಣ. ಮನೆಗೆ ಹಿರಿಯರು ಅವರೇ ಆದ್ದರಿಂದ ಎಲೆ ಅಡಿಕೆ ಬದಲಾಯಿಸಬೇಕಾದ್ದು ಅವರ ಕೈಯಿಂದಲೇ.

"ಅವ್ರೂ ನಮ್ಮ ಬೆಡಗೇ," ಅಂದರು. "ಹುಡ್ಗ ಹುಡ್ಗಿ ಅಣ್ಣ ತಂಗಿ ಆಗ್ತಾರೆ. ಆಗಾಕಿಲ್ಲ."

ಬೆಡಗು ಅಂದರೆ ನಮ್ಮಲ್ಲಿ ಬಳ್ಳಿಯ ಹೆಸರು. ಅಪ್ಪನಿಂದ ಮಕ್ಕಳಿಗೆ ಬರುತ್ತದೆ. ಒಂದೇ ಬೆಡಗಿನವರು ಎಷ್ಟು ತಲೆಮಾರು ದೂರವಾದರೂ ಕೊಟ್ಟು ತಂದು ಮಾಡುವ ಹಾಗಿಲ್ಲ. ತಿರುಮಣಿಯವರ ಮನೆ ಹೆಸರೂ ನಮ್ಮದೂ ಒಂದೇ, ಮನೆದೇವರೂ ಒಂದೇ. "ನಾವು ಬೇರೆ ಬೆಡಗು ಅಂತ ನಮ್ಮ ಮಾವ ಹೇಳ್ತಿದ್ರು" ಎಂದು ಹುಡುಗನ ತಾಯಿ ಹೇಳಿದರು. ಸಾಕ್ಷಿ ಏನು ಅಂದರೆ ಅವರಲ್ಲಿ ಇರಲಿಲ್ಲ. ನಿಮ್ಮ ದೊಡ್ಡ ತಾತನಿಗೆ ಬೆಡಗಿನ ಮೇಲೆ ಅಷ್ಟು ಅಕ್ಕರೆ ಇದ್ದದ್ದೇನೂ ಅಲ್ಲ. ತಮ್ಮ ಹೆಂಡತಿಯ ಅಣ್ಣನ ಮೊಮ್ಮಗನಿಗೆ ಈ ಹುಡುಗಿಯನ್ನು ತರಬೇಕೆಂದು ಅವರಿಗೆ ಆಸೆ. ಆ ಮೊಮ್ಮಗ ಏನು ಕೆಲಸ ಮಾಡುತ್ತಾನೆಂದು ಇವತ್ತಿಗೂ ಯಾರಿಗೂ ತಿಳಿಯದು.

ನನಗೆ ಸತ್ಯ ಗೊತ್ತಿತ್ತು. ನಿಮ್ಮ ತಾತ ಬದುಕಿದ್ದಾಗ, ಸುಮಾರು ಹನ್ನೆರಡು ವರ್ಷದ ಹಿಂದೆ, ನಮ್ಮ ಮನೆಗೆ ಹೆಳವ ಬಂದಿದ್ದ. ನೀವು ಹೆಳವರನ್ನು ನೋಡಿಲ್ಲ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸಿಕೊಂಡು, ಎಷ್ಟೋ ವರ್ಷಕ್ಕೊಮ್ಮೆ ಬರುತ್ತಿದ್ದರು. ನಮ್ಮ ವಂಶದಲ್ಲಿ ಯಾರಿಗೆ ಯಾರು ಹುಟ್ಟಿದರು, ಯಾವ ಊರಿನಿಂದ ಬಂದರು, ಎಲ್ಲಿ ಕವಲೊಡೆದರು ಎಂದು ರಾಗವಾಗಿ ಹೇಳಿ ದವಸ, ಬಟ್ಟೆ ತೆಗೆದುಕೊಂಡು ಹೋಗುತ್ತಿದ್ದರು. ಅವತ್ತು ಆ ಹೆಳವ ತಿರುಮಣಿ ಕವಲಿನ ವಿಷಯ ಹೇಳಿದ್ದನ್ನು ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತು ಕೇಳಿದ್ದೆ. ಅವರ ಮೂಲಪುರುಷ ನಮ್ಮವರ ಮನೆಗೆ ಮನೆ ಅಳಿಯನಾಗಿ ಬಂದವನು. ಹೆಂಡತಿಯ ಮನೆ ಹೆಸರು, ಹೆಂಡತಿಯ ಮನೆದೇವರು ಇಟ್ಟುಕೊಂಡ. ಬೆಡಗು ಮಾತ್ರ ಅವನ ಅಪ್ಪನದೇ, ಬೇರೆ.

ಇದನ್ನು ನಿಮ್ಮ ಅಪ್ಪನ ಮೂಲಕ ಹೇಳಿಸಿದೆ. ನಾನು ಬಾವನ ಎದುರು ನಿಂತು ಮಾತಾಡಿದವಳಲ್ಲ, ಅವರೂ ನನ್ನ ಮುಖ ನೋಡಿ ಮಾತಾಡಿದವರಲ್ಲ. ನನಗೆ ಹೇಳಬೇಕಾದ್ದನ್ನೆಲ್ಲ ಪಡಸಾಲೆಯ ಕಂಬಕ್ಕೆ ಹೇಳುತ್ತಾರೆ. ಅವತ್ತೂ ಕಂಬದ ಕಡೆ ತಿರುಗಿ, "ಬಾಗ್ಲ ಹಿಂದೆ ಒಗ್ಗರಣೆ ಹಾಕ್ಕಂಡು ಕೇಳ್ಸಿಕೊಂಡಿದ್ದು ಯಾವ ಲೆಕ್ಕ? ಹೆಳವ ಬಂದು ಹೇಳ್ಲಿ, ನಾನು ಒಪ್ತೀನಿ" ಅಂದರು.

ಹೆಳವ ತೀರಿಕೊಂಡು ಆರು ವರ್ಷ. ಅವನ ಮಕ್ಕಳು ಈ ಕಡೆ ಬರುವುದನ್ನೇ ಬಿಟ್ಟಿದ್ದರು. ಅದು ಗೊತ್ತಿದ್ದೇ ಅವರು ಹೇಳಿದ್ದು.

ತಿರುಮಣಿಯವರು ಎಂಟು ದಿನ ಕಾಯುತ್ತೇವೆ, ಮುಂದಿನ ಸೋಮವಾರ ಬಂದು ಕೊನೆಯ ಮಾತು ಕೇಳುತ್ತೇವೆ, ಆಗದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದು ಹೇಳಿ ಹೋದರು. ನಿಮ್ಮ ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ನನಗೆ ಕ್ಯಾಮೆರಾ ನೆನಪಾಯಿತು.

ನಿಮ್ಮ ತಾತ ಒಂದು ವಿಡಿಯೋ ಕ್ಯಾಮೆರಾ ಕೊಂಡಿದ್ದರು. ಕಡಲೆಕಾಯಿ ಬೆಳೆಯುವವರಿಗೆ ಅದು ಯಾಕೆ ಬೇಕಿತ್ತೋ, ನಾನು ಕೇಳಲಿಲ್ಲ. ಕಂಡದ್ದನ್ನೆಲ್ಲ ಹಿಡಿಯುತ್ತಿದ್ದರು, ಒಂದನ್ನೂ ನೆಟ್ಟಗೆ ಹಿಡಿಯಲಿಲ್ಲ. ಹೆಳವ ಬಂದ ದಿನವೂ ಅದನ್ನು ಹಿಡಿದುಕೊಂಡು ನಿಂತಿದ್ದರು. ಅಟ್ಟದಿಂದ ಕೆಳಗಿಳಿಸಿದೆವು. ಅದರ ಪುಟ್ಟ ಪರದೆ ಒಡೆದು ಬರೀ ಬಿಳಿ ಕಾಣುತ್ತಿತ್ತು. ವೈರುಗಳೆಲ್ಲ ಕಳೆದುಹೋಗಿದ್ದವು, ಕರೆಂಟಿನದೊಂದು ಉಳಿದಿತ್ತು. ಅದನ್ನು ಹಾಕಿದರೆ ಕೆಂಪು ದೀಪ ಹತ್ತಿತು. ಒಳಗೆ ವಿಡಿಯೋ ಇದ್ದರೆ ಲ್ಯಾಪ್‌ಟಾಪಿಗೆ ಸೇರಿಸಿ ನೋಡಬಹುದು ಎಂದು ನಿಮ್ಮ ಅಕ್ಕ ಎದ್ದು ಕುಳಿತಳು. ಬೇಸಿಗೆ ರಜ. ಇಬ್ಬರೂ ಬಸ್ಸು ಹತ್ತಿದೆವು.

ಮಧುಗಿರಿಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಗೆ ಮೊದಲು ಹೋದೆವು. ಅಂಗಡಿಯವನು ಕಿವಿಯಲ್ಲಿ ಫೋನು ಇಟ್ಟುಕೊಂಡೇ ಕ್ಯಾಮೆರಾವನ್ನು ಎರಡು ಬೆರಳಲ್ಲಿ ಎತ್ತಿದ, ಸತ್ತ ಇಲಿಯನ್ನು ಎತ್ತುವ ಹಾಗೆ.

"ಇದು ಹಳೇ ಕಾಲದ್ದು ಕಣಮ್ಮ. ಇಂಥದ್ದು ಈಗ ಬರಾಕಿಲ್ಲ. ಬಿಸಾಕಿ ಹೊಸ ಫೋನ್ ತಗಳಿ."

"ಹೊಸ ಫೋನಲ್ಲಿ ನಮ್ ಹೆಳವ ಇರ್ತಾನಾ?" ಅಂದಳು ನಿಮ್ಮ ಅಕ್ಕ.

ಅವನು ಅರ್ಥವಾಗದೆ ಒಂದು ವೈರು, ಒಂದು ಅಡಾಪ್ಟರು ಕೊಟ್ಟ. "ಆಗುತ್ತೆ, ಹೋಗಿ" ಅಂದ. ಮನೆಗೆ ಬಂದು ಹಾಕಿದರೆ ಲ್ಯಾಪ್‌ಟಾಪು ಕ್ಯಾಮೆರಾವನ್ನು ಕಣ್ಣೆತ್ತಿಯೂ ನೋಡಲಿಲ್ಲ. ಆಗುತ್ತೆ, ಹೋಗಿ! ಇಷ್ಟು ವರ್ಷದಲ್ಲಿ ನನಗೆ ಗೊತ್ತಾಗಿರುವುದು, ಆ ಎರಡು ಮಾತನ್ನು ಜೊತೆಗೆ ಹೇಳುವವರಿಗೆ ಎರಡನೆಯದೊಂದೇ ಬೇಕಾಗಿರುತ್ತದೆ.

ಮರುದಿನ ಕೊರಟಗೆರೆ. ಅಲ್ಲಿ ಕಂಪ್ಯೂಟರ್ ಸಾಮಾನಿನ ದೊಡ್ಡ ಅಂಗಡಿ ಇದೆ ಎಂದು ಯಾರೋ ಹೇಳಿದ್ದರು. ಅಂಗಡಿ ದೊಡ್ಡದೇ. ಅಂಗಡಿಯವನ ಗಂಟಲು ಅದಕ್ಕಿಂತ ದೊಡ್ಡದು. ಈ ವ್ಯಾಪಾರದಲ್ಲಿ ಚಾಚಿಕೊಂಡಿರುವ ಪಿನ್ನಿಗೆ ಗಂಡು, ತೂತಿಗೆ ಹೆಣ್ಣು ಅನ್ನುತ್ತಾರಂತೆ. ಆ ಕಡೆ ನಿಂತು, ಇಡೀ ಅಂಗಡಿಗೆ ಕೇಳುವ ಹಾಗೆ ಕೂಗಿದ.

"ಅಜ್ಜೀ, ನಿಮ್ಗೆ ಗಂಡು ಬೇಕಾ, ಹೆಣ್ಣು ಬೇಕಾ?"

ನಾನು ಸೆರಗು ಎಳೆದುಕೊಂಡು ನೆಲ ನೋಡಿದೆ. ಕಾಲೇಜು ಹುಡುಗರು ಇಬ್ಬರು ಕಿಸಕ್ಕೆಂದರು.

"ಹೇಳಿ ಅಜ್ಜಿ. ಸುಮ್ನಿದ್ರೆ ಹೆಂಗೆ? ಜೋಡಿ ನೋಡ್ಕಂಡ್ ಕೊಡ್ಬೇಕಲ್ಲ ನಾನು."

"ಜೋಡಿ ನೋಡೋಕೆ ನಮ್ಮನೇಲೊಬ್ರು ಅವ್ರೆ, ಅವ್ರೇ ಸಾಕಾಗೋಗೈತೆ. ನೀವು ಸಾಮಾನ್ ಕೊಡಿ," ಅಂದಳು ನಿಮ್ಮ ಅಕ್ಕ.

ಇಷ್ಟು ಮೆರೆದವನು ಕೊಟ್ಟದ್ದೇನು? ಹಿಂದು ಮುಂದಾದದ್ದು. ಹೊಸ ವೈರನ್ನು ಹಳೆಯ ಕಂಪ್ಯೂಟರಿಗೆ ಸೇರಿಸುವ ಅಡಾಪ್ಟರು. ನಮಗೆ ಬೇಕಾದದ್ದು ಹಳೆಯ ವೈರನ್ನು ಹೊಸದಕ್ಕೆ ಸೇರಿಸುವುದು. ಲ್ಯಾಪ್‌ಟಾಪನ್ನು ಅಂಗಡಿಯ ಮೇಜಿನ ಮೇಲೆಯೇ ಇಟ್ಟು ತೋರಿಸಿದ್ದೆವು. ಅವನು ನೋಡಲಿಲ್ಲ. ಕೂಗುವವರಿಗೆ ನೋಡಲು ಬಿಡುವಿರುವುದಿಲ್ಲ. ಬಸ್ಸಿನಲ್ಲಿ ನಿಮ್ಮ ಅಕ್ಕ ಅದನ್ನು ಪೊಟ್ಟಣದಿಂದ ತೆಗೆದು ನೋಡಿ ಹಣೆ ಚಚ್ಚಿಕೊಂಡಳು. ಆಗಲೇ ಬಸ್ಸು ಕೊರಟಗೆರೆ ದಾಟಿತ್ತು.

ಶಿರಾಕ್ಕೂ ಹೋದೆವು. ಅಲ್ಲಿನ ಅಂಗಡಿಯವರು ವಯಸ್ಸಾದವರು, ಮರ್ಯಾದಸ್ಥರು. ಕುರ್ಚಿ ಕೊಟ್ಟು ಕೂರಿಸಿದರು. ಒಂದು ಸಾಮಾನು ತೆಗೆದು ತೋರಿಸಿದರು. ಬೆರಳುದ್ದದ ವೈರು, ಅದರ ತುದಿಗೆ ಚಪ್ಪಟೆ ಡಬ್ಬಿ, ಅದಕ್ಕೆ ಏಳು ಬಾಯಿ.

"ಬಹೂತ್ ಅಚ್ಚಾ ಮಾಲು ಅಮ್ಮಾ. ಟಿವಿ ಹಾಕಿ, ಕಾರ್ಡ್ ಹಾಕಿ, ಪೆನ್‌ಡ್ರೈವ್ ಹಾಕಿ, ಎಲ್ಲಾ ತಗೊಳ್ತದೆ."

ಒಂದು ಕ್ಯಾಮೆರಾಕ್ಕೆ ಏಳು ಬಾಯಿ ಯಾಕೆ ಎಂದು ನನ್ನ ಮನಸ್ಸು ಹೇಳಿತು. ಮೊದಲು ಎಲ್ಲ ತೂತು ಮುಚ್ಚಿ ತೆಳ್ಳಗೆ ಮಾಡಿದೆವೆಂದು ಮಾರುವುದು, ಆಮೇಲೆ ಅವೇ ತೂತುಗಳನ್ನು ಬೇರೆ ಡಬ್ಬಿಯಲ್ಲಿಟ್ಟು ಮಾರುವುದು. ಇದನ್ನು ಕಂಡುಹಿಡಿದವನು ಖಂಡಿತ ನಿಮ್ಮ ದೊಡ್ಡ ತಾತನ ಬೆಡಗಿನವನೇ ಇರಬೇಕು ಅಂದುಕೊಂಡೆ. ತೆಗೆದುಕೊಂಡೆವು. ಮಧುಗಿರಿಯ ವೈರು ಇದಕ್ಕೆ ಹಾಕಿ, ಇದನ್ನು ಲ್ಯಾಪ್‌ಟಾಪಿಗೆ ಹಾಕಿ, ಅಂಗಡಿಯಲ್ಲೇ ನೋಡಿದೆವು. ಡಬ್ಬಿಯಲ್ಲಿ ನೀಲಿ ದೀಪ ಬಂತು. ಬೇರೇನೂ ಬರಲಿಲ್ಲ. ಅವರು ಕ್ಯಾಮೆರಾವನ್ನು ಕಣ್ಣ ಹತ್ತಿರ ಹಿಡಿದು, "ಇದರ ಬಾಯಲ್ಲಿ ಏನೋ ತಕಲೀಫ್ ಇದೆ ಅಮ್ಮಾ" ಅಂದರು. ಮಾರಿದ ಮೇಲೆ ತಪ್ಪು ನಮ್ಮ ಸಾಮಾನಿನದು ಅನ್ನುವುದು ವ್ಯಾಪಾರಸ್ಥರ ಹಳೆಯ ಚಾಳಿ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಶನಿವಾರ ಸಂಜೆ ನಿಮ್ಮ ದೊಡ್ಡ ತಾತ ಬಂದರು. ಪಡಸಾಲೆಯಲ್ಲಿ ವೈರು, ಅಡಾಪ್ಟರು ಹರಡಿಕೊಂಡಿದ್ದವು. ಕಾಲಿನಿಂದ ಒಂದನ್ನು ಸರಿಸಿ ಕಂಬಕ್ಕೆ ಹೇಳಿದರು.

"ಏನು, ಹೆಳವ ಎದ್ದು ಬಂದ್ನಾ ಡಬ್ಬಿಯಿಂದ? ಬಸ್ಸು ಫ್ರೀ ಅಂತ ಮೂರೂರು ಸುತ್ಕಂಡ್ ಬಂದ್ಬುಟ್ರೆ ಬೆಡಗು ಬದಲಾಯ್ತದಾ? ಸೋಮ್ವಾರ ಬರ್ಲಿ ಅವ್ರು, ಬಾಯ್ಮುಚ್ಕಂಡು ಕಳ್ಸಿ."

ನಿಮ್ಮ ಅಪ್ಪ ತಲೆ ತಗ್ಗಿಸಿಕೊಂಡು ಕುಳಿತಿದ್ದ. ಅವನ ಮೇಲೂ ನನಗೆ ಸಿಟ್ಟು ಬಂತು. ಸ್ವಂತ ಮಗಳ ವಿಷಯಕ್ಕಾದರೂ ಒಂದು ಮಾತು ಎತ್ತಬಾರದೇ? ನಾನೂ ಎತ್ತಲಿಲ್ಲ ಅನ್ನಿ. ಒಳಗೆ ಹೋಗಿ ನಿಮ್ಮ ಅಕ್ಕನಿಗೆ, "ನಾಳೆ ಮೊದಲ್ನೇ ಬಸ್ಸಿಗೆ ಪಾವಗಡ" ಅಂದೆ.

ಆ ಹುಡುಗನೇ ಫೋನಿನಲ್ಲಿ ಹೇಳಿದ್ದನಂತೆ, ಪಾವಗಡದಲ್ಲಿ ಒಬ್ಬ ರಿಪೇರಿಯವನಿದ್ದಾನೆ, ಹಳೆಯ ರೇಡಿಯೋದಿಂದ ಸೋಲಾರ್ ಇನ್ವರ್ಟರಿನವರೆಗೆ ಬಿಚ್ಚುತ್ತಾನೆ ಎಂದು. ಭಾನುವಾರ ಅಂಗಡಿ ಅರ್ಧ ಬಾಗಿಲು ತೆರೆದಿತ್ತು. ಅಂಗಡಿ ಅನ್ನುವುದಕ್ಕಿಂತ ಗುಜರಿ ಅನ್ನಬೇಕು. ಅವನ ಅಂಗಿಗೆ ಗುಂಡಿಯೇ ಇರಲಿಲ್ಲ. ಇಷ್ಟು ದೊಡ್ಡ ದೊಡ್ಡ ಅಂಗಡಿಯವರಿಗೆ ಆಗದ್ದು ಇವನಿಗೇನಾಗುತ್ತದೆ ಎಂದು ಅವನನ್ನೂ ಮನಸ್ಸಿನಲ್ಲೇ ತಳ್ಳಿಹಾಕಿದೆ.

ಅವನು ಮಾತೇ ಆಡದೆ ಮಧುಗಿರಿಯ ವೈರನ್ನು ಮೀಟರಿಗೆ ಹಚ್ಚಿ ನೋಡಿ ಪಕ್ಕಕ್ಕೆಸೆದ.

"ಇದು ಬರೀ ಚಾರ್ಜಿಂಗ್ ವೈರಮ್ಮಾ. ಒಳಗೆ ಎರಡೇ ತಂತಿ, ಕರೆಂಟ್ ಹೋಗುತ್ತೆ, ವಿಡಿಯೋ ಹೋಗಲ್ಲ. ವಿಡಿಯೋಗೆ ಇನ್ನೆರಡು ತಂತಿ ಬೇಕು." ಕೊರಟಗೆರೆಯ ಅಡಾಪ್ಟರು ನೋಡಿ ನಕ್ಕ. ಶಿರಾದ ಏಳು ಬಾಯಿಯ ಡಬ್ಬಿ ಕೈಗೆತ್ತಿಕೊಂಡು, "ಇದು ಬಾಗುಂದಿ. ಇದು ಸರಿಯಾದ ಮಾಲು" ಅಂದ. ನನಗೆ ಸ್ವಲ್ಪ ಮುಖ ಸಣ್ಣದಾಯಿತು.

ಬಿಸ್ಕತ್ ಡಬ್ಬದಿಂದ ಒಂದು ಹಳೆಯ ವೈರು ತೆಗೆದು ಕ್ಯಾಮೆರಾದ ತೂತಿಗೆ ಹಾಕಹೋದ. ಹೋಗಲಿಲ್ಲ. ಟಾರ್ಚು ಬಿಟ್ಟು ನೋಡಿದ. ಮತ್ತೆ ನೋಡಿದ. ಆಮೇಲೆ ನನ್ನ ಹಣೆ ನೋಡಿದ.

"ಏಮಮ್ಮಾ, ಇದು ಕ್ಯಾಮೆರಾನಾ, ಗುಡಿಯೊಳಗಿನ ಲಿಂಗಾನಾ? ತೂತು ತುಂಬಾ ಇಬೂದಿ ಕದಾ!"

ಇಬೂದಿ ಅಂದರೆ ವಿಭೂತಿ. ಅದನ್ನು ತುಂಬಿದವಳು ನಾನೇ. ಪ್ರತಿ ವರ್ಷ ಆಯುಧಪೂಜೆಯ ದಿನ ಮನೆಯಲ್ಲಿರುವ ಎಲ್ಲ ಸಾಮಾನಿಗೂ ವಿಭೂತಿ ಹಚ್ಚುವುದು ನನ್ನ ಕೆಲಸ. ನೇಗಿಲು, ಮಚ್ಚು, ಸ್ಟಾರ್ಟರು, ಹೊಲಿಗೆ ಮಿಷಿನ್ನು, ಎಲ್ಲಕ್ಕೂ ವಿಭೂತಿಯನ್ನು ನೀರಲ್ಲಿ ಕಲಸಿ ಮೂರು ಬೆರಳಲ್ಲಿ ಮೂರು ಪಟ್ಟೆ, ನಡುವೆ ಕುಂಕುಮ. ನಿಮ್ಮ ತಾತ ಹೋದ ಮೇಲೆ ಕ್ಯಾಮೆರಾವನ್ನು ಯಾರೂ ಮುಟ್ಟಲಿಲ್ಲ, ಆದರೆ ಪೂಜೆ ಮಾತ್ರ ನಾನು ತಪ್ಪಿಸಲಿಲ್ಲ. ಮೂರು ಪಟ್ಟೆ ಎಳೆಯಲು ಅದರಲ್ಲಿ ಸಪಾಟಾಗಿದ್ದ ಜಾಗ ಒಂದೇ, ಪಕ್ಕದ್ದು. ತೂತು ಇದ್ದದ್ದೂ ಅಲ್ಲೇ. ಅದರ ರಬ್ಬರ್ ಮುಚ್ಚಳ ಎಂದೋ ಬಿದ್ದುಹೋಗಿತ್ತು. ವರ್ಷ ವರ್ಷ ಹಳೆಯದರ ಮೇಲೆ ಹೊಸದು ಹಚ್ಚಿ, ಗಾರೆ ಮೆತ್ತಿದ ಹಾಗೆ ಮೆತ್ತಿದ್ದೆ. ಯಾವ ವೈರು ಹಾಕಿದರೂ ಅದರೊಳಗೆ ಅರ್ಧಕ್ಕೇ ನಿಲ್ಲುತ್ತಿತ್ತು. ಅದನ್ನು ನಾವಿಬ್ಬರೂ ಬಗ್ಗಿ ನೋಡಿರಲಿಲ್ಲ. ಶಿರಾದವರು ಹೇಳಿದ್ದರು, ನಾನು ಕೇಳಿರಲಿಲ್ಲ. ಇಷ್ಟು ದಿನ ಮೂರು ಊರಿನವರನ್ನು ಮನಸ್ಸಿನಲ್ಲೇ ಬೈದುಕೊಂಡು ತಿರುಗಿದವಳು ಆ ಸ್ಟೂಲಿನ ಮೇಲೆ ಕುಳಿತು ನನ್ನನ್ನೇ ಬೈದುಕೊಂಡೆ. ಮಧುಗಿರಿಯವನೂ ಕೊರಟಗೆರೆಯವನೂ ಅದರಿಂದ ಬುದ್ಧಿವಂತರಾದರೆಂದು ತಿಳಿಯಬೇಡಿ.

ಅವನು ಸೂಜಿಯಿಂದ ಕೆದಕಿದ. ಹಲ್ಲುಜ್ಜುವ ಬ್ರಷ್ಷಿಗೆ ಸ್ಪಿರಿಟ್ಟು ಹಚ್ಚಿ ತಿಕ್ಕಿದ. ಕಾಗದದ ಮೇಲೆ ಬೂದಿ ಪುಡಿ ಪುಡಿಯಾಗಿ ಬಿತ್ತು. "ಇದನ್ನ ಎಸೀಲಾ ಅಮ್ಮಾ, ಪ್ರಸಾದ ಅಂತ ಕಟ್ಟಿಕೊಡ್ಲಾ?" ಅಂದ. ನಿಮ್ಮ ಅಕ್ಕ ಇಷ್ಟು ದಿನದಲ್ಲಿ ಮೊದಲ ಸಲ ಬಾಯಿ ತುಂಬ ನಕ್ಕಳು. ಅರ್ಧ ಗಂಟೆಯಾದ ಮೇಲೆ ಅವನ ಹಳೆಯ ವೈರು, ಶಿರಾದ ಡಬ್ಬಿ ಎರಡನ್ನೂ ಸೇರಿಸಿ ಲ್ಯಾಪ್‌ಟಾಪಿಗೆ ಹಾಕಿದ. ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳು ಸಾಲಾಗಿ ಬಂದವು. ಅದರಲ್ಲೊಂದರಲ್ಲಿ ಎತ್ತಿನ ಮೂತಿ ಇತ್ತು.

ಸೋಮವಾರ ಹತ್ತು ಗಂಟೆಗೆ ತಿರುಮಣಿಯವರು ಬಂದರು. ಹುಡುಗ, ಅವನ ತಾಯಿ, ಸೋದರಮಾವ. ನಿಮ್ಮ ದೊಡ್ಡ ತಾತ ಗೋಡೆಗೊರಗಿ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದರು. ನಿಮ್ಮ ಅಕ್ಕ ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು ವಿಡಿಯೋ ಹಾಕಿದಳು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ.

ಮೊದಲು ಯಾರದೋ ಪಾದ. ಆಮೇಲೆ ಎತ್ತಿನ ಹೊಟ್ಟೆ, ಬಹಳ ಹೊತ್ತು. ಹೆಳವನ ಮುಖ ಒಂದು ಸಲವೂ ಕಾಣಿಸಲಿಲ್ಲ. ನಿಮ್ಮ ತಾತನ ಕೆಮ್ಮು ಕೇಳಿಸಿತು. ಆ ಕೆಮ್ಮನ್ನು ನಾನು ಮರೆತೇಬಿಟ್ಟಿದ್ದೆ. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆಮೇಲೆ ಹೆಳವನ ರಾಗ ಶುರುವಾಯಿತು. ಹೆಸರುಗಳ ಮೇಲೆ ಹೆಸರು. ನಡುವೆ ಗಂಟೆಯ ಸದ್ದು.

"...ತಿರುಮಣಿ ಸೀಮೆಗೆ ಹೋದ ಹೆಣ್ಣುಮಗಳು, ಅವಳ ಮನೆಗೆ ಮನೆ ಅಳಿಯನಾಗಿ ಬಂದವನು ಕ್ಯಾತಗಾನಚೆರ್ಲಿನ ಗಂಡು, ಅವನ ಬೆಡಗು ಬೇರೆ, ಅವನ ಬಳ್ಳಿ ಬೇರೆ, ಮನೆ ಹೆಸರು ಮಾತ್ರ ನಿಮ್ಮದು..."

ಹುಡುಗನ ತಾಯಿ ಕೈಮುಗಿದರು. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಹೆಳವನ ಹಿಂದೆಯೇ ಇನ್ನೊಂದು ಧ್ವನಿ, ಎಲೆ ಅಡಿಕೆ ತುಂಬಿದ ಬಾಯಿಂದ ಬಂತು.

"ಊಂ ಊಂ. ನಮ್ಮಪ್ಪನೂ ಅಂಗೇ ಹೇಳೋನು. ಹೆಸ್ರು ನಮ್ದು, ಬಳ್ಳಿ ಬೇರೆ. ಗೊತ್ತಿರೋದೇ ಅಲ್ವೇನ್ಲಾ, ಮುಂದಕ್ಕೇಳು, ಹೊತ್ತಾಯ್ತು."

ಪಡಸಾಲೆಯಲ್ಲಿದ್ದವರೆಲ್ಲ ಗೋಡೆಗೊರಗಿದ್ದವರ ಕಡೆ ತಿರುಗಿದರು. ನಿಮ್ಮ ಅಕ್ಕ ವಿಡಿಯೋ ನಿಲ್ಲಿಸಿ ಬಹಳ ವಿನಯದಿಂದ ಕೇಳಿದಳು. "ಇದ್ಯಾರ ಧ್ವನಿ ದೊಡ್ಡ ತಾತ?"

"ನಂಗೇನ್ ಗೊತ್ತು? ಈಗಿನ ಮಿಷಿನ್ನು ಯಾರ್ ಧ್ವನಿ ಬೇಕಾದ್ರೂ ಮಾಡ್ತವಂತೆ. ಪೇಪರ್ನಾಗೆ ಬಂದಿತ್ತು."

"ಹನ್ನೆರಡು ವರ್ಷದ ಕ್ಯಾಮೆರಾನೂ ಮಾಡುತ್ತಾ?"

"ಊಂ ಊಂ, ಅದೆಲ್ಲ..." ಎಂದು ಶುರುಮಾಡಿದರು. ಅದೇ ಧ್ವನಿ, ಅದೇ ಊಂ ಊಂ. ಹುಡುಗನ ಸೋದರಮಾವ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡರು. ನಿಮ್ಮ ಅಪ್ಪನೇ ಮೊದಲು ಗಟ್ಟಿಯಾಗಿ ನಕ್ಕವನು. ಅವನು ದೊಡ್ಡಪ್ಪನೆದುರು ಹಾಗೆ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಬೇರೆಯವರಾಗಿದ್ದರೆ ಎದ್ದು ಹೋಗುತ್ತಿದ್ದರು. ನಿಮ್ಮ ದೊಡ್ಡ ತಾತ ಹೊರಗೆ ಹೋಗಿ ಉಗಿದು ಬಂದು, ಪಂಚೆ ಸರಿಮಾಡಿಕೊಂಡು, ನಡುವೆ ಬಂದು ಕುಳಿತರು.

"ನೋಡಿದ್ರಾ? ನಾನು ಅವತ್ತೇ ಹೇಳಿವ್ನಿ. ನಾನು ಹೇಳಿದ್ಮೇಲೆ ಇನ್ನೇನೈತೆ? ಎಲೆಡಿಕೆ ತಟ್ಟೆ ತರ್ರಿ."

ನಾನು ಅದನ್ನೇ ಹೇಳಿದ್ದೆ. ಎಂಟು ದಿನದ ಹಿಂದೆ, ಇದೇ ಮನೆಯಲ್ಲಿ, ಒಂದಕ್ಷರ ಹೆಚ್ಚು ಕಡಿಮೆ ಇಲ್ಲದೆ. ಒಬ್ಬರೂ ನನ್ನ ಕಡೆ ತಿರುಗಲಿಲ್ಲ, ನಿಮ್ಮ ಅಕ್ಕ ಒಬ್ಬಳು ನೋಡಿದಳು. ಎಲೆ ಅಡಿಕೆ ಅವರ ಕೈಯಿಂದಲೇ ಬದಲಾಯಿತು. ಲಗ್ನದ ತಿಂಗಳನ್ನೂ ಅವರೇ ಹೇಳಿದರು. ಈ ಸಂಬಂಧ ತಮ್ಮ ಮಾತಿನಿಂದಲೇ ಕೂಡಿತು ಎಂದು ಈಗಲೂ ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಹೇಳಿಕೊಳ್ಳಲಿ. ನಿಮ್ಮ ಅಕ್ಕ ತಿರುಮಣಿಯಲ್ಲಿ ಸುಖವಾಗಿದ್ದಾಳೆ.

ಅವತ್ತು ಕಾಫಿ ಮಾಡಿದವಳು ನಾನು. ಎಲ್ಲರ ಲೋಟಕ್ಕೂ ಸಕ್ಕರೆ ಹಾಕಿದೆ, ಅವರ ಲೋಟಕ್ಕೆ ಹಾಕಲಿಲ್ಲ. ಒಂದು ಗುಟುಕು ಕುಡಿದು ಕಂಬದ ಕಡೆ ನೋಡಿದರು, ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಿದರು. ಆಮೇಲೆ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.